ಎರಡು ಹೋಳಾದ ಊರಿಗೆ ಮಗಳು ಓದಲು ಹೊರಟಿದ್ದಾಳೆ

ಪ್ರಶ್ನೆ: ಮಗಳಿಗೆ ಸೈಪ್ರಸ್ ದೇಶದ ನಿಕೋಸಿಯಾದಲ್ಲಿ ಸೀಟು ಸಿಕ್ಕಿದೆ, ಕಾಲೇಜು ಊರಿನ ದಕ್ಷಿಣ ಭಾಗದಲ್ಲಿದೆ. ಆ ಊರು ಎರಡು ಹೋಳಾಗಿದೆ, ನಡುವೆ ಸೈನಿಕರು ಕಾಯ್ತಾರೆ ಅಂತ ಕೇಳಿ ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ. ಜನ ಅಲ್ಲಿ ಹೇಗೆ ಬದುಕುತ್ತಾರೆ? ಅವಳು ಆ ಕಡೆ ಹೋಗಿಬರಬಹುದೇ?
– ಒಬ್ಬ ತಾಯಿ, ಶಹಾಪುರ, ಬೆಳಗಾವಿ

ಉತ್ತರ: ಅಕ್ಕಾವರೇ, ಸೈನಿಕರು ಇರುವುದು ನಿಜ. ಎರಡೂ ಕಡೆ ಅವರವರ ಪಡೆ, ನಡುವಿನ ಖಾಲಿ ಪಟ್ಟಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ. ಆದರೆ ಅದರ ಪಕ್ಕದಲ್ಲೇ ಅಂಗಡಿ, ಶಾಲೆ, ಸಂತೆ ಎಲ್ಲಾ ನಡೆಯುತ್ತವೆ.

1963ರ ಕೊನೆಗೆ ಗ್ರೀಕ್ ಮಾತಾಡುವವರಿಗೂ ತುರ್ಕಿ ಮಾತಾಡುವವರಿಗೂ ಗಲಭೆಯಾದಾಗ ಒಬ್ಬ ಬ್ರಿಟಿಷ್ ಸೇನಾಧಿಕಾರಿ ನಕಾಶೆಯ ಮೇಲೆ ಹಸಿರು ಪೆನ್ಸಿಲ್‌ನಿಂದ ಗೆರೆ ಎಳೆದರು. ಅದೇ ಗ್ರೀನ್ ಲೈನ್. 1974ರಲ್ಲಿ ತುರ್ಕಿ ಸೈನ್ಯ ಬಂದ ಮೇಲೆ ಆ ಗೆರೆ ಗಟ್ಟಿಯಾಯಿತು, ಗ್ರೀಕರು ಮನೆ ಬಿಟ್ಟು ದಕ್ಷಿಣಕ್ಕೆ, ತುರ್ಕಿ ಮಾತಾಡುವವರು ಉತ್ತರಕ್ಕೆ ಸರಿದರು. 2003ರ ಏಪ್ರಿಲ್‌ನಲ್ಲಿ ದಾರಿ ಬಿಟ್ಟಾಗ ಜನ ಗಂಟೆಗಟ್ಟಲೆ ಸಾಲು ನಿಂತು ದಾಟಿದರು. ಬಹಳ ಮಂದಿ ಹೋಗಿದ್ದು ತಾವು ಬಿಟ್ಟು ಬಂದ ಮನೆ ನೋಡಲು, ಅಲ್ಲಿ ಬೇರೆಯವರ ಸಂಸಾರ ಇತ್ತು.

ಈಗ ಊರ ನಡುವಿನ ಲೆಡ್ರಾ ಸ್ಟ್ರೀಟಿನಲ್ಲೇ ನಡೆದು ದಾಟಬಹುದು, 2008ರಲ್ಲಿ ತೆರೆದ ದಾರಿ ಅದು. ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಪಾಸ್‌ಪೋರ್ಟೋ ಗುರುತಿನ ಚೀಟಿಯೋ ತೋರಿಸಬೇಕು. ದಕ್ಷಿಣದ ಯುರೋ ಹೋಗಿ ತುರ್ಕಿಯ ಲೀರಾ ಬರುತ್ತದೆ. ಕಾರಿಗೆ ಬೇರೆ ವಿಮೆ ಬೇಕು.

ಆದರೆ ಗೆರೆ ಎಲ್ಲರಿಗೂ ಒಂದೇ ಅಲ್ಲ. ಉತ್ತರದಿಂದ ದಕ್ಷಿಣಕ್ಕೆ ದಿನಾ ಕೆಲಸಕ್ಕೆ ಬರುವವರಿದ್ದಾರೆ. ತುರ್ಕಿಯಿಂದ ಬಂದು ನೆಲೆಸಿದ ಬಹಳ ಜನರನ್ನು ದಕ್ಷಿಣಕ್ಕೆ ಬಿಡುವುದಿಲ್ಲ. ದಾಟುವ ಹಕ್ಕಿದ್ದರೂ ಇವತ್ತಿಗೂ ಕಾಲಿಡದ ಗ್ರೀಕರೂ ಇದ್ದಾರೆ, ನಮ್ಮ ನೆಲಕ್ಕೆ ನಾವೇಕೆ ಕಾಗದ ತೋರಿಸಬೇಕು ಅಂತ. ಆ ನೋವು ಸಣ್ಣದಲ್ಲ. ಮಗಳಿಗೆ ಹೇಳಿ, ಯಾರನ್ನೂ "ನೀವು ಆ ಕಡೆ ಹೋಗಿದ್ದೀರಾ" ಅಂತ ಸುಮ್ನೆ ಕೇಳಬಾರದು.

ನನಗೆ ಬಹಳ ಇಷ್ಟವಾದ ಸಂಗತಿ ಚರಂಡಿಯದು. ದಾರಿಗಳೆಲ್ಲ ಮುಚ್ಚಿದ್ದ ಎಪ್ಪತ್ತರ ದಶಕದ ಕೊನೆಗೆ ದಕ್ಷಿಣದ ಮೇಯರ್ ದಿಮಿತ್ರಿಯಾದಿಸ್, ಉತ್ತರದ ಮೇಯರ್ ಅಕಿಂಜಿ ಕೂತು ಮಾತಾಡಿ ಇಡೀ ಊರಿಗೆ ಒಂದೇ ಒಳಚರಂಡಿ ಮಾಡಲು ಒಪ್ಪಿದರು. ದಕ್ಷಿಣದ ಕೊಳಚೆ ಉತ್ತರದ ಘಟಕಕ್ಕೆ ಹರಿಯಿತು. ಎರಡೂ ಕಡೆಯ ದೊಡ್ಡ ನಾಯಕರಿಂದ ಆಗದ್ದು ಊರು ನಡೆಸುವವರಿಂದ ಆಯಿತು ಅಲ್ವಾ?

ನಿಮ್ಮ ಶಹಾಪುರ ಕೂಡ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬೆಳಗಾವಿ ಬ್ರಿಟಿಷರದಾಗಿತ್ತು. ಆದರೆ ಅದನ್ನು ನಿಕೋಸಿಯಾಕ್ಕೆ ಹೋಲಿಸಬೇಡಿ. ಅಲ್ಲಿ ಮನೆ ಕಳೆದುಕೊಂಡವರು ಇನ್ನೂ ಬದುಕಿದ್ದಾರೆ.

ಇನ್ನು ಕೆಲಸದ ಮಾತು. ವಿಮಾನ ದಕ್ಷಿಣದ ಲಾರ್ನಕಾ ಅಥವಾ ಪಾಫೋಸ್‌ಗೇ ಇರಲಿ. ಉತ್ತರದ ಎರ್ಜಾನ್ ವಿಮಾನ ನಿಲ್ದಾಣದಲ್ಲಿ ಇಳಿದರೆ ಸೈಪ್ರಸ್ ಸರ್ಕಾರ ಅದನ್ನು ಅಕ್ರಮ ಪ್ರವೇಶ ಅನ್ನುತ್ತದೆ. ಉತ್ತರದ ಆಡಳಿತವನ್ನು ತುರ್ಕಿ ಬಿಟ್ಟರೆ ಯಾವ ದೇಶವೂ ಒಪ್ಪಿಲ್ಲ. ಕಾವಲು ಠಾಣೆಗಳ ಫೋಟೋ ತೆಗೆಯಬಾರದು. ಆ ಕಡೆ ಹೋಗುವ ಮೊದಲು, ತನ್ನ ವೀಸಾದಲ್ಲಿ ವಾಪಸ್ ಬರಲು ಬಿಡುತ್ತಾರಾ ಅಂತ ಕಾಲೇಜಿನಲ್ಲೂ ನಿಕೋಸಿಯಾದ ಭಾರತೀಯ ಹೈಕಮಿಷನ್‌ನಲ್ಲೂ ಕೇಳಿ ಖಾತ್ರಿ ಮಾಡಿಕೊಳ್ಳಲಿ.