“ಅದು ಮಾತ್ರೆಯಲ್ಲ ಮೇಡಂ, ಸೊಪ್ಪಿನದು”

ಗುರುತು ಸಿಗದಂತೆ ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ವಸುಧಾ ಎಂದು ಕರೆಯುತ್ತೇನೆ.

ಹೊಸನಗರ ತಾಲ್ಲೂಕಿನ ತೋಟದ ಮನೆಯ ವಸುಧಾ ಅವರಿಗೆ 34 ವರ್ಷ. ಆಷಾಢದ ಒಂದು ಮಧ್ಯಾಹ್ನ ಪತಿಯೊಡನೆ ಶಿವಮೊಗ್ಗದ ನನ್ನ ಕೊಠಡಿಗೆ ಬಂದರು. ಎಲೆಚುಕ್ಕೆ ರೋಗದಿಂದ ಎರಡು ವರ್ಷ ಅಡಿಕೆಯ ಫಸಲು ಸರಿಯಾಗಿ ಕೈಗೆ ಬಂದಿರಲಿಲ್ಲ. ಆದರೆ ಅವರ ಸಂಕಟ ಸಾಲದ ಚಿಂತೆಯ ಮಟ್ಟವನ್ನು ದಾಟಿತ್ತು. ಆರು ತಿಂಗಳಿನಿಂದ ನಸುಕಿನ ಮೂರಕ್ಕೇ ಎಚ್ಚರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮಗಳು ಶಾಲೆಯಿಂದ ಬಂದು ಹೇಳುವ ಮಾತು ಮನಸ್ಸಿಗೆ ತಲುಪುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು ಖಿನ್ನತೆಯೆಂದು ಗುರುತಿಸಿ, ಎಸಿಟಲೋಪ್ರಾಮ್ ಮಾತ್ರೆ ಬರೆದು, ಆಪ್ತಸಲಹೆಗೆಂದು ಕಳುಹಿಸಿದ್ದರು.

ಸಾಯಬೇಕೆಂದು ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಬೆಳಗ್ಗೆ ಏಳದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ, ಅದಕ್ಕಿಂತ ಮುಂದೆ ಯೋಚಿಸಿಲ್ಲ ಎಂದರು. ಕೊಟ್ಟಿಗೆಯಲ್ಲಿರುವ ಕಳೆನಾಶಕ, ಕೀಟನಾಶಕಗಳಿಗೆ ಅಂದೇ ಬೀಗ ಹಾಕುವಂತೆ ಪತಿಗೆ ಹೇಳಿ, ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲಿಯೂ ಉಳಿಸಿಸಿದೆ. ಬಳಿಕ, “ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳಿದೆ. “ಇಲ್ಲ” ಎಂದರು. ನಾನೂ ಕಡತದಲ್ಲಿ “ಇಲ್ಲ” ಎಂದು ಬರೆದುಕೊಂಡೆ.

ಹತ್ತು ದಿನಗಳ ನಂತರ ಬಂದಾಗ ಅವರು ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲಾರದೆ ಒದ್ದಾಡುತ್ತಿದ್ದರು. ಹೊರಗೆ ಸುರಿಮಳೆ, ಚಳಿ, ಆದರೂ ಅವರ ಕುತ್ತಿಗೆಯಲ್ಲಿ ಬೆವರು, ಕೈಯಲ್ಲಿ ನಡುಕ. ಎರಡು ದಿನಗಳಿಂದ ಭೇದಿಯೂ ಆಗುತ್ತಿತ್ತು. ಆತಂಕ ಹೆಚ್ಚಾಗಿರಬೇಕೆಂದು ನನಗೆ ಮೊದಲು ತೋರಿತು. ಆದರೆ ಭೇದಿ, ಬೆವರು, ನಡುಕ ಮೂರೂ ಒಟ್ಟಿಗೆ ಬಂದಿರುವುದನ್ನು ಕಂಡು ಹಳೆಯ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಿದೆ: “ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ನಿಮ್ಮ ಬಾಯಿಗೆ ಏನೇನು ಹೋಗುತ್ತದೆ, ಒಂದೊಂದಾಗಿ ಹೇಳಿ.”

ಆಗ ಪಟ್ಟಿ ಹೊರಬಂತು. ಬರಿ ಹೊಟ್ಟೆಗೆ ಅತ್ತೆ ಕೊಡುವ ಒಂದೆಲಗದ ರಸ, ರಾತ್ರಿ ಅಶ್ವಗಂಧದ ಚೂರ್ಣ, ಆಶಾ ಕಾರ್ಯಕರ್ತೆ ತಂದುಕೊಡುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್, ಮತ್ತು ಬೆಂಗಳೂರಿನಲ್ಲಿರುವ ನಾದಿನಿ ಆನ್‌ಲೈನಿನಲ್ಲಿ ತರಿಸಿ ಕಳುಹಿಸಿದ್ದ, ಮೂರು ಹೊತ್ತು ನುಂಗುವ ಕ್ಯಾಪ್ಸೂಲ್. ಅದನ್ನು ಶುರುಮಾಡಿ ವಾರವಾಗಿತ್ತು. ಬಾಟಲಿಯ ಮೇಲೆ ಸೇಂಟ್ ಜಾನ್ಸ್ ವರ್ಟ್ ಎಂದಿತ್ತು. ಶುರುಮಾಡುವಾಗ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಅದು ಮಾತ್ರೆಯಲ್ಲ ಮೇಡಂ, ಸೊಪ್ಪಿನದು” ಎಂದರು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಷಾಯ, ತಂಬುಳಿಗಳಲ್ಲೇ ಬೆಳೆದ ನಮ್ಮ ಕಡೆಯವರಿಗೆ ಔಷಧಿಯೆಂದರೆ ಡಾಕ್ಟರು ಬರೆದುಕೊಟ್ಟದ್ದು, ಉಳಿದದ್ದು ಆಹಾರದ ಲೆಕ್ಕ. ಇದೇ ಮಲೆನಾಡಿನಲ್ಲಿ ಹುಟ್ಟಿದ ನಾನು ಮೊದಲ ದಿನವೇ ಇದನ್ನು ನೆನಪಿಡಬೇಕಿತ್ತು.

ಸೇಂಟ್ ಜಾನ್ಸ್ ವರ್ಟ್ ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ಹಳದಿ ಹೂ ಬಿಡುವ ಗಿಡ. ಅದೇ ಕುಲದ ಇನ್ನೊಂದು ಗಿಡ ನಮ್ಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಇದೆ, ಆದರೆ ಔಷಧಿಯಾಗಿ ಪರೀಕ್ಷೆಗೆ ಒಳಗಾದದ್ದು ಯುರೋಪಿನದು. ಅದು ಎಸಿಟಲೋಪ್ರಾಮ್‌ನಂತೆಯೇ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವುದರಿಂದ ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಿ, ಇಂಥ ನಡುಕ ಮತ್ತು ಬೆವರಿನಿಂದ ಆರಂಭವಾಗುವ ತೊಂದರೆ ತೀವ್ರವಾದರೆ ವಿಪರೀತ ಜ್ವರ, ಸ್ನಾಯುಗಳ ಬಿಗಿತದವರೆಗೆ ಹೋಗಿ ಜೀವಕ್ಕೇ ಎರವಾಗಬಹುದು. “ಒಂದೇ ಕಾಲುವೆಗೆ ಎರಡು ಕಡೆಯಿಂದ ನೀರು ಬಿಟ್ಟ ಹಾಗೆ” ಎಂದು ಪತಿಗೆ ವಿವರಿಸಿ, ವೈದ್ಯರಿಗೆ ನಾನೇ ಫೋನ್ ಮಾಡಿ, ಬಾಟಲಿಯ ಸಮೇತ ಅಂದೇ ಆಸ್ಪತ್ರೆಗೆ ಕಳುಹಿಸಿದೆ. ವೈದ್ಯರು ಎರಡನ್ನೂ ನಿಲ್ಲಿಸಿ, ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು. ಎರಡು ದಿನಗಳಲ್ಲಿ ನಡುಕ ನಿಂತಿತು.

ಮುಂದಿನ ಭೇಟಿಯಲ್ಲಿ ವಸುಧಾ ಕೇಳಿದ ಪ್ರಶ್ನೆ ನ್ಯಾಯವಾದದ್ದು: “ಹಾಗಾದರೆ ಇಂಗ್ಲಿಷ್ ಮಾತ್ರೆ ಬಿಟ್ಟು ಕ್ಯಾಪ್ಸೂಲ್ ಒಂದನ್ನೇ ತೆಗೆದುಕೊಳ್ಳಬಹುದಲ್ಲ?” ಅದರಲ್ಲಿ ಏನೂ ಇಲ್ಲವೆಂದು ಹೇಳಿಬಿಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. 29 ಪ್ರಯೋಗಗಳ 5,489 ರೋಗಿಗಳ ಫಲಿತಾಂಶವನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2008ರ ಸಮೀಕ್ಷೆಯಲ್ಲಿ ಆ ಗಿಡದ ಸಾರವು ಔಷಧಿಯಿಲ್ಲದ ಹುಸಿಮಾತ್ರೆಗಿಂತ ಮೇಲಾಗಿಯೂ, ಸಾಮಾನ್ಯ ಖಿನ್ನತೆ ನಿವಾರಕಗಳಿಗೆ ಸಮನಾಗಿಯೂ ಕೆಲಸ ಮಾಡಿದ್ದು ಕಂಡುಬಂದಿದೆ. ಆದರೆ ಜರ್ಮನ್ ಭಾಷೆಯ ದೇಶಗಳ ಪ್ರಯೋಗಗಳಲ್ಲಿ ಫಲಿತಾಂಶ ಹೆಚ್ಚು ಅನುಕೂಲವಾಗಿತ್ತು ಎಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ. ಇದನ್ನೆಲ್ಲ ಅವರಿಗೆ ತಿಳಿಸಿ, ಪ್ರಯೋಗಗಳಲ್ಲಿ ಬಳಸಿದ್ದು ಅಳತೆ ಗೊತ್ತಿರುವ ಸಾರ, ಆನ್‌ಲೈನಿನಲ್ಲಿ ಬರುವ ಬಾಟಲಿಗಳಲ್ಲಿ ಅಂಶ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ ಎಂದೆ. ಅದಕ್ಕಿಂತ ಮುಖ್ಯವಾಗಿ, ಆ ಗಿಡ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಮಾತ್ರೆಯೂ ಹಾಗೆ ಕರಗುವವುಗಳಲ್ಲಿ ಒಂದು. ಇಷ್ಟು ಕೇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗರ್ಭಪರೀಕ್ಷೆ ಮಾಡಿಸಿಕೊಳ್ಳಲು, ವೈದ್ಯರು ಹೇಳುವವರೆಗೆ ಮಾಲಾ-ಎನ್ ಜೊತೆಗೆ ಕಾಂಡೋಮ್ ಅನ್ನೂ ಬಳಸಲು ಸೂಚಿಸಿದೆ. ಪರೀಕ್ಷೆಯಲ್ಲಿ ಗರ್ಭ ನಿಂತಿರಲಿಲ್ಲ.

ಒಂದೆಲಗವನ್ನು ನಾನು ಬಿಡಿಸಲಿಲ್ಲ. ಊಟದ ತಂಬುಳಿಯಾಗಿ ಅದು ಇರಲಿ, ಖಿನ್ನತೆ ಅದರಿಂದ ವಾಸಿಯಾಗುತ್ತದೆಂದು ಮಾತ್ರ ನಂಬಬೇಡಿ ಎಂದೆ. ಅತ್ತೆಗೆ ಸೊಸೆಯ ಮೇಲಿರುವ ಕಾಳಜಿಯನ್ನು ತೋರಿಸಲು ಆ ಲೋಟವೊಂದೇ ಇದ್ದಂತಿತ್ತು. ಅಶ್ವಗಂಧದ ಮಾತು ಬೇರೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದೂ ಇದೆ, ಆದ್ದರಿಂದ ವೈದ್ಯರ ಅನುಮತಿಯಿಲ್ಲದೆ ಬೇಡವೆಂದೆ. ವೈದ್ಯರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಬಿ12 ಮಾತ್ರ ತೀರಾ ಕಡಿಮೆಯಿತ್ತು. ಮಾಂಸ, ಮೊಟ್ಟೆ ಸೇರದ ಮನೆಯಲ್ಲಿ ಹಾಲು ಮೊಸರನ್ನೂ ಬಿಟ್ಟು ತಿಂಗಳುಗಳಾಗಿದ್ದವು. ಬಿ12 ಚುಚ್ಚುಮದ್ದು ಶುರುವಾಯಿತು. ಎರಡು ವಾರ ಬಿಟ್ಟು ಎಸಿಟಲೋಪ್ರಾಮ್ ಅನ್ನು ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಿದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು, ಮನಸ್ಸು ಹಗುರವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಮೊದಲ ದಿನಗಳ ಹೊಟ್ಟೆ ತೊಳಸುವಿಕೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟೆ. ಮೊದಲ ಸಲ ಮಾತ್ರೆ ಶುರುಮಾಡಿದಾಗ ಆದ ಆ ತೊಳಸುವಿಕೆಯನ್ನು ನಾದಿನಿಯ ಬಳಿ ಹೇಳಿಕೊಂಡಿದ್ದರಿಂದಲೇ ಕ್ಯಾಪ್ಸೂಲ್ ಬಂದದ್ದು. ಮಳೆ ಬಿಟ್ಟ ಹೊತ್ತಿನಲ್ಲಿ ಅರ್ಧ ಗಂಟೆ ತೋಟದ ದಾರಿಯಲ್ಲಿ ನಡೆಯುವುದನ್ನು ಪತಿಯೊಡನೆ ಆರಂಭಿಸಿದರು.

ನಾಲ್ಕನೆಯ ಭೇಟಿಗೆ ಮನೆಯಲ್ಲಿರುವ ಔಷಧಿ, ಚೂರ್ಣ, ಲೇಹ್ಯಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳಿದ್ದೆ. ಅತ್ತೆಯೂ ಜೊತೆಗೆ ಬಂದಿದ್ದರು. ಚೀಲದಲ್ಲಿ ಆ ಕ್ಯಾಪ್ಸೂಲಿನ ಬಾಟಲಿ ಇರಲಿಲ್ಲ. ಕೇಳಿದಾಗ ಅತ್ತೆ ಸಂಕೋಚದಿಂದ ತಮ್ಮ ಕೈಚೀಲ ತೆರೆದು ಅದನ್ನು ಮೇಜಿನ ಮೇಲಿಟ್ಟರು. ಅಷ್ಟು ದುಡ್ಡು ಕೊಟ್ಟದ್ದನ್ನು ಎಸೆಯುವುದೇಕೆ, ತಮಗೂ ನಿದ್ದೆ ಬರುವುದಿಲ್ಲ, ನಾಳೆಯಿಂದ ತೆಗೆದುಕೊಳ್ಳೋಣವೆಂದಿದ್ದೆ ಎಂದರು. ಅವರಿಗೆ ಕೆಲವು ವರ್ಷಗಳ ಹಿಂದೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿತ್ತು. ಸೊಸೆಯ ಚೀಲದಲ್ಲಿದ್ದ ಅವರ ಮಾತ್ರೆಗಳನ್ನು ನೋಡಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅದರಲ್ಲಿತ್ತು. ಅದನ್ನೂ ಈ ಗಿಡ ಕರಗಿಸಿಬಿಡುತ್ತದೆ ಎಂದು ಅವರಿಗೆ ನಿಧಾನವಾಗಿ ಹೇಳಿದೆ. ಅವರು ಬಾಟಲಿಯನ್ನು ನನ್ನ ಕಡೆಗೆ ಸರಿಸಿದರು.