ಅಮಾನತು ಮಾಡಿದರೂ ಬಗ್ಗದ ಹುಡುಗ: ಇನ್ನೇನು ಮಾಡಬಹುದು?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಗಲಾಟೆ ಮಾಡುತ್ತಾನೆ, ಎದುರು ಮಾತಾಡುತ್ತಾನೆ. ಸಹಪಾಠಿಗೆ ಹೊಡೆದಾಗ ಒಂದು ವಾರ ಬರಬೇಡ ಎಂದು ಕಳಿಸಿದೆವು. ವಾಪಸ್ ಬಂದ ಮೇಲೆ ಹಾವಳಿ ಹೆಚ್ಚಾಗಿದೆ. ಟಿ.ಸಿ. ಕೊಟ್ಟುಬಿಡಿ ಎನ್ನುತ್ತಾರೆ ಸಹೋದ್ಯೋಗಿಗಳು.

ಉತ್ತರ: ಟಿ.ಸಿ. ಖಂಡಿತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ನಿಮ್ಮ ಹುಡುಗ ಅದನ್ನು ದಾಟಿದ್ದಾನೆ, ನಿಜ. ಆದರೆ ಈ ವಯಸ್ಸಿನಲ್ಲಿ ಟಿ.ಸಿ. ಪಡೆದ ಬಡವರ ಮಕ್ಕಳು ಬಹಳ ಸಲ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಸೇರಿಬಿಡುತ್ತಾರೆ. ಇನ್ನು ಆ ಒಂದು ವಾರದಲ್ಲಿ ಪಾಠ ಹಿಂದೆ ಬಿತ್ತು, ಬಿಸಿಯೂಟ ತಪ್ಪಿತು. ಗಲಾಟೆ ಮಾಡಿದರೆ ಕ್ಲಾಸು ತಪ್ಪಿಸಿಕೊಳ್ಳಬಹುದು ಎಂಬುದೂ ಗೊತ್ತಾಯಿತು.

ಮೊದಲ ಎರಡು ವಾರ ಒಂದು ನೋಟ್‌ಬುಕ್ ಇಡಿ. ಯಾವ ಪಿರಿಯಡ್, ಗಲಾಟೆಗೆ ಮುಂಚೆ ಏನಾಯಿತು, ಆಮೇಲೆ ಅವನಿಗೇನು ಸಿಕ್ಕಿತು ಎಂಬುದಷ್ಟನ್ನೇ ಬರೆಯಿರಿ. ‘ಉಡಾಫೆ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಎದ್ದು ಓದು ಎಂದಾಗ ಪುಸ್ತಕ ಎಸೆದ, ಹೊರಗೆ ನಿಲ್ಲಿಸಿದೆವು’ ಎಂದರೆ ಕಾರಣದ ಎಳೆ ಸಿಗುತ್ತದೆ. ಹೀಗೆ ಓದಿಸಿದಾಗಲೇ ರೇಗುತ್ತಿದ್ದರೆ, ಬೇರೆ ಮಕ್ಕಳಿಲ್ಲದಾಗ ಐದನೇ ತರಗತಿಯ ಕನ್ನಡ ಪಾಠದ ಒಂದು ಪ್ಯಾರಾ ಓದಿಸಿ. ತಡವರಿಸಿದರೆ ದಿನಕ್ಕೆ 20 ನಿಮಿಷ ಓದಿನ ಅಭ್ಯಾಸ ಶುರುಮಾಡಿ, ಎಲ್ಲರೆದುರು ಓದಿಸುವುದನ್ನು ಸದ್ಯಕ್ಕೆ ಬಿಡಿ.

ಜೊತೆಗೆ ದಿನದ ಕಾರ್ಡ್ ಕೊಡಿ. ಎರಡೇ ನಿಯಮ: ಕೈಯೆತ್ತಿ ಮಾತಾಡುವುದು, ಕೈಮಾಡದಿರುವುದು. ಪ್ರತಿ ಪಿರಿಯಡ್‌ಗೆ, ಪ್ರತಿ ನಿಯಮಕ್ಕೆ 0, 1 ಅಥವಾ 2 ಅಂಕ. ಏಳು ಪಿರಿಯಡ್ ಇದ್ದರೆ ಒಟ್ಟು 28. ಈಗ 12 ಬರುತ್ತಿದ್ದರೆ ಮೊದಲ ಗುರಿ 15 ಇರಲಿ, ನಿಧಾನಕ್ಕೆ 22ಕ್ಕೆ ಏರಿಸಿ. ಅವನಿಗೆ ಒಗ್ಗುವ ಒಬ್ಬ ಶಿಕ್ಷಕರು ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ, ಸಂಜೆ ಎರಡು ನಿಮಿಷ ಅವನೊಡನೆ ಮಾತಾಡಬೇಕು. ಗುರಿ ಮುಟ್ಟಿದ ದಿನ ವಾಲಿಬಾಲ್ ನೆಟ್ ಕಟ್ಟುವ ಜವಾಬ್ದಾರಿಯಂಥದ್ದು ಸಾಕು. ಈ ಕ್ರಮ ಸಾಮಾನ್ಯವಾಗಿ ಕೆಡುವುದು ಮೂರು ಕಾರಣಕ್ಕೆ: ಶಿಕ್ಷಕರು ಕಾರ್ಡ್ ಹಿಡಿದು ಬೈಯುತ್ತಾರೆ, ಮನೆಯಲ್ಲಿ ಅದನ್ನು ನೋಡಿ ಹೊಡೆಯುತ್ತಾರೆ, ನಾಲ್ಕು ದಿನ ಸರಿಹೋದ ಕೂಡಲೇ ನಿಲ್ಲಿಸುತ್ತಾರೆ. ಕಾರ್ಡ್ ಕಳಿಸುವ ಮುಂಚೆಯೇ ಅಪ್ಪ ಅಮ್ಮನನ್ನು ಕರೆಸಿ ಮಾತಾಡಿ. ಕನಿಷ್ಠ ಆರು ವಾರ ನಡೆಸಿ.

ಹೊಡೆದಾಟ ಬೇರೆ ವಿಷಯ. ಅವತ್ತೇ ಇಬ್ಬರನ್ನೂ ಎದುರುಬದುರು ಕೂರಿಸಬೇಡಿ. ಮೊದಲು ಬೇರೆ ಬೇರೆಯಾಗಿ ಕೇಳಿ: ಏನಾಯಿತು, ಯಾರಿಗೆ ನೋವಾಯಿತು, ಸರಿಪಡಿಸಲು ಏನು ಮಾಡುತ್ತೀಯ? ಏಟು ತಿಂದವನು ಒಪ್ಪಿದರೆ ಮಾತ್ರ ಸೇರಿಸಿ. ಬಲವಂತದ ‘ಸಾರಿ’ಯಿಂದ ಉಪಯೋಗವಿಲ್ಲ, ಜಗಳದಲ್ಲಿ ಪುಸ್ತಕ ಹರಿದಿದ್ದರೆ ಅದಕ್ಕೆ ಬೈಂಡ್ ಹಾಕಿಕೊಡಲಿ.

ತೀರಾ ಕೆರಳಿದ ದಿನ ಒಂದೆರಡು ಪಿರಿಯಡ್ ಲೈಬ್ರರಿಯಲ್ಲಿ, ಶಿಕ್ಷಕರೊಬ್ಬರ ಎದುರು, ಅದೇ ಪಾಠದ ಕೆಲಸ ಮಾಡಿಸಿ. ಆಯುಧ ತಂದರೆ, ಯಾರಿಗಾದರೂ ಅಪಾಯವಿದ್ದರೆ ಮಾತ್ರ ದೂರವಿಡುವ ಮಾತು. ಆಗಲೂ ಪಾಠ ಮನೆಗೆ ಮುಟ್ಟಬೇಕು, ವಾಪಸ್ ಬರುವ ದಿನ ನಿಗದಿಯಾಗಬೇಕು. ಮನೆಯಲ್ಲಿ ಹಿಂಸೆ ಇದೆ ಎಂಬ ಗುಮಾನಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಹುಡುಗ ಬದುಕು ಬೇಡ ಎಂಬ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವತ್ತೇ ಕರೆ ಮಾಡಿ.