‘ಡಾಕ್ಟರ್’ ಆಗಬೇಕಿತ್ತಾ, ಪಾಠ ಮಾಡಬೇಕಿತ್ತಾ?

ಸಲಹೆ ಕೇಳಲು ನನ್ನ ಬಳಿ ಬಂದವರಿಗೆ 43 ವರ್ಷ. ಎಂಸಿಎ ಓದಿ 18 ವರ್ಷದಿಂದ ಬೆಂಗಳೂರಿನಲ್ಲಿ ಐಟಿ ಕೆಲಸ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಹೊರದೇಶದ ವಿಶ್ವವಿದ್ಯಾಲಯವೊಂದರ ‘ಡಾಕ್ಟರ್ ಆಫ್ ಇನ್ಫರ್ಮೇಷನ್ ಟೆಕ್ನಾಲಜಿ’ಗೆ ಸೇರಲು ಹೊರಟಿದ್ದರು. ಪೂರ್ತಿ ಆನ್‌ಲೈನ್, ಎರಡೇ ವರ್ಷ, ಆರು ಲಕ್ಷ. ಏಜೆಂಟ್ ದಿನಾ ಫೋನ್ ಮಾಡುತ್ತಿದ್ದ. ಹೆಂಡತಿ ಬೇಡ ಅನ್ನುತ್ತಿದ್ದರು. ಇವರಿಗೆ ನಿದ್ದೆಯೇ ಇಲ್ಲ.

“ಈ ಡಿಗ್ರಿ ಯಾಕೆ ಬೇಕು?” ಅಂದೆ.

“ಇನ್ನೆರಡು ವರ್ಷಕ್ಕೆ ಕಂಪನಿಯವರು ನನ್ನನ್ನ ಕಳಿಸ್ತಾರೆ ಮೇಡಂ. ಆಮೇಲೆ ಊರಿನ ಕಡೆ ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡ್ಬೇಕು.”

ಓದುವ ಆಸೆ ಅಂದುಕೊಂಡಿದ್ದೆ. ಇದು ಕೆಲಸ ಹೋಗುವ ಭಯ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಇಂಥ ವೃತ್ತಿಪರ ಡಾಕ್ಟರೇಟ್ ಸುಳ್ಳೇನಲ್ಲ. ಕೆಲಸದ ಜಾಗದ ಸಮಸ್ಯೆಯನ್ನೇ ಹಿಡಿದು ಸಂಶೋಧನೆ ಮಾಡುತ್ತಾರೆ. ಆದರೆ ಇಲ್ಲಿ ಪಾಠ ಮಾಡಲು ಅದು ನಡೆಯಬೇಕಲ್ವಾ? ಆನ್‌ಲೈನ್ ಕೋರ್ಸ್ ಮಾರುವ ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ. ಇವರ ಡಿಗ್ರಿಯ ಹೆಸರು ಬೇರೆ, ವ್ಯಾಪಾರ ಅದೇ. ಕೆಲಸ ಬಿಡದೆ ಓದಬೇಕೆಂದರೆ ಇಲ್ಲೇ ಪಾರ್ಟ್‌ಟೈಮ್ ಪಿಎಚ್‌ಡಿ ಇದೆ. ಕಂಪನಿಯಿಂದ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು, ಕನಿಷ್ಠ 3 ವರ್ಷ. 6 ಅಂತಲೇ ಇಟ್ಟುಕೊಳ್ಳಿ ಅಂದೆ.

ಇನ್ನೊಂದು ದಾರಿ ಅವರಿಗೆ ಗೊತ್ತೇ ಇರಲಿಲ್ಲ. 2022ರಲ್ಲೇ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ, ವೃತ್ತಿಯಲ್ಲಿ ಪಳಗಿದವರು ಕಾಲೇಜಲ್ಲಿ ಪಾಠ ಮಾಡುವ ಒಂದು ವ್ಯವಸ್ಥೆ ತಂದಿದೆ. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಅನುಭವ ಇದ್ದವರಿಗೆ ಪಿಎಚ್‌ಡಿ ಕಡ್ಡಾಯವಲ್ಲ, ದೊಡ್ಡ ಹುದ್ದೆಯಲ್ಲಿದ್ದವರಾದರೆ ಒಳ್ಳೆಯದು. ಇದು ಕಾಯಂ ಕೆಲಸವಲ್ಲ, ಹೆಚ್ಚೆಂದರೆ 4 ವರ್ಷ. ಹಾಗಂತ ನಾಳೆಯೇ ಯಾರೂ ಕರೆದು ಕೂರಿಸುವುದೂ ಇಲ್ಲ.

ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, “ಡಾಕ್ಟರ್ ಆಗ್ತೀನಿ ಅಂತ ಅಪ್ಪನಿಗೆ ಹೇಳ್ಬಿಟ್ಟಿದೀನಿ” ಅಂದರು. ನಿದ್ದೆ ಕೆಡಿಸಿದ್ದು ಆರು ಲಕ್ಷಕ್ಕಿಂತ ಈ ಮಾತೇ ಜಾಸ್ತಿ ಅನ್ನಿಸಿತು.

ನಾನು ಹೇಳಿದ್ದು ಇಷ್ಟೇ. ಏಜೆಂಟ್ ಫೋನ್ ಒಂದು ತಿಂಗಳು ಎತ್ತಬೇಡಿ. ಅಷ್ಟರಲ್ಲಿ ಎಲ್ಲಾದರೂ ಒಂದು ಕ್ಲಾಸ್ ತೆಗೆದುಕೊಂಡು ನೋಡಿ, ಪಾಠ ಮಾಡೋದು ನಿಮಗೆ ಹಿಡಿಸುತ್ತಾ ಅಂತ. ಅಪ್ಪನಿಗೆ ಫೋನಲ್ಲಿ ಬೇಡ, ಊರಿಗೆ ಹೋಗಿ ಎದುರು ಕೂತು ಹೇಳಿ.

ತಿಂಗಳ ನಂತರ ಬಂದರು. ಸೀಟಿಗೆ ಕಟ್ಟಿದ್ದ 25,000 ವಾಪಸ್ ಬಂದಿರಲಿಲ್ಲ. ಗೆಳೆಯನ ಕಾಲೇಜಿನಲ್ಲಿ ಒಂದು ಶನಿವಾರ ಡೇಟಾಬೇಸ್ ಪಾಠ ಮಾಡಿದ್ದರಂತೆ. “ಎರಡು ಗಂಟೆ ನಾನೊಬ್ಬನೇ ಮಾತಾಡಿದೆ ಮೇಡಂ, ಹುಡುಗರು ಒಂದು ಪ್ರಶ್ನೆನೂ ಕೇಳಲಿಲ್ಲ” ಎಂದು ನಕ್ಕರು. ಮುಂದಿನ ಶನಿವಾರವೂ ಹೊರಟಿದ್ದರು. ಅಪ್ಪನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.